ಕಲ್ಪಿತ ಲೋಕದ ನಿಯಮ ಮೊದಲ ಪುಟದಲ್ಲೇ ತಿಳಿಯಬೇಕೆ?

ಪರ

ವೈಜ್ಞಾನಿಕ ಮತ್ತು ಅದ್ಭುತ ಕತೆಗಳಿಗೆ ಕೊಡುವ ನೆಬ್ಯುಲಾ ಪ್ರಶಸ್ತಿಯ ಲೆಕ್ಕದಲ್ಲಿ ಸಣ್ಣಕತೆ 7,500 ಪದಗಳೊಳಗೆ ಮುಗಿಯಬೇಕು. ಅಷ್ಟರಲ್ಲೇ ಲೋಕವೊಂದನ್ನು ಕಟ್ಟಿ, ಯಾರನ್ನಾದರೂ ಅಲ್ಲಿ ಇಕ್ಕಟ್ಟಿಗೆ ಸಿಲುಕಿಸಬೇಕು. ಆ ಇಕ್ಕಟ್ಟು ಹುಟ್ಟುವುದೇ ಲೋಕದ ನಿಯಮದಿಂದ. ಮಂಗಳದಿಂದ ಭೂಮಿಗೆ ರೇಡಿಯೊ ಸಂದೇಶ ತಲುಪಲು, ಗ್ರಹಗಳ ಅಂತರಕ್ಕೆ ತಕ್ಕಂತೆ, ಸುಮಾರು 3ರಿಂದ 22 ನಿಮಿಷ ಹಿಡಿಯುತ್ತದೆ. ಒಂದು ಕತೆಯಲ್ಲಿ ಮಂಗಳದಲ್ಲಿರುವ ಮಗಳ ಬಳಿ 30 ನಿಮಿಷದ ಆಮ್ಲಜನಕ ಉಳಿದಿದೆ. ಯಾವ ಕವಾಟ ಮುಚ್ಚಲಿ ಎಂದು ಭೂಮಿಯಲ್ಲಿರುವ ತಾಯಿಯನ್ನು ಕೇಳುತ್ತಾಳೆ. ಗ್ರಹಗಳು ಅತಿ ದೂರವಿರುವ ಆಗ ಪ್ರಶ್ನೆ ಹೋಗಿ ಉತ್ತರ ಬರಲು 44 ನಿಮಿಷ ಬೇಕೆಂದು ಮೊದಲೇ ಗೊತ್ತಿದ್ದರೆ ಆ ಪ್ರಶ್ನೆಯೇ ಎದೆ ಹಿಂಡುತ್ತದೆ. ಕೊನೆಯಲ್ಲಿ ಗೊತ್ತಾದರೆ, ಅಲ್ಲಿಯವರೆಗಿನ ಮೌನವನ್ನು ಓದುಗರು ತಾಯಿಯ ಮುನಿಸು ಎಂದುಕೊಂಡಿರುತ್ತಾರೆ.

ಹಾಗೆಂದು ಪಾಠ ಒಪ್ಪಿಸಬೇಕಿಲ್ಲ. ಆಪತ್ತಿಗೆ ಮುಂಚಿನ ಯಾವುದೋ ದಿನ ಮಗಳು "ಪ್ರಶ್ನೆ ಕಳಿಸಿ, ಗಡಿಯಾರ ನೋಡಿ, ಮಲಗಲು ಹೋದಳು" ಎಂದರೆ ಸಾಕು. ಮೊದಲ 300 ಪದಗಳೊಳಗೆ ಇಲ್ಲಿ ಏನು ಸಾಧ್ಯ, ಏನು ಅಸಾಧ್ಯ, ಸಾಧ್ಯವಾದದ್ದಕ್ಕೆ ಯಾರು ಏನು ತೆರಬೇಕು ಎಂಬುದು ಕಾಣಲಿ. ಹೆಚ್ಚಾಗಿ ಬಿಟ್ಟುಹೋಗುವುದು ಕೊನೆಯದು. ಏನನ್ನೂ ತೆರಬೇಕಿಲ್ಲದ ಮಾಯೆ ಎಲ್ಲ ಗಂಟನ್ನೂ ತಾನೇ ಬಿಚ್ಚಿಬಿಡುತ್ತದೆ. ಪಾತ್ರಕ್ಕೆ ಮಾಡಲು ಕೆಲಸವೇ ಉಳಿಯುವುದಿಲ್ಲ. ನಿಯಮವನ್ನು ಬಚ್ಚಿಟ್ಟವರಿಗೆ ಕೊನೆಯ ಪುಟದಲ್ಲಿ ಅದನ್ನು ತಿರುಚುವ ಆಸೆಯೂ ಬರುತ್ತದೆ. ಕವಿತೆಯಲ್ಲಾದರೆ ಶೀರ್ಷಿಕೆಯೇ ನಿಯಮವನ್ನು ಹೊರಬಲ್ಲದು.

ವಿರೋಧ

ಕಲ್ಪಿತ ಲೋಕವನ್ನು ಓದುವ ಸುಖವಿರುವುದೇ ಊಹಿಸುವುದರಲ್ಲಿ. ಅಲ್ಲೇ ಹುಟ್ಟಿ ಬೆಳೆದವರು ತಮ್ಮ ಲೋಕವನ್ನು ತಮಗೆ ತಾವೇ ವಿವರಿಸಿಕೊಳ್ಳುವುದಿಲ್ಲ. ಮೊದಲ ಪುಟದಲ್ಲೇ ವಿವರಿಸಲು ಹೊರಟರೆ "ನಿನಗೆ ಗೊತ್ತೇ ಇರುವಂತೆ" ಎಂದು ಶುರುವಾಗುವ ಸುಳ್ಳು ಸಂಭಾಷಣೆ ನುಸುಳುತ್ತದೆ.

ಮೊದಲ ಕರಡಿನಲ್ಲಿ ನಿಯಮಗಳನ್ನೆಲ್ಲ ಬರೆದುಬಿಡಿ, ಅಡ್ಡಿಯಿಲ್ಲ. ಆಮೇಲೆ ವಿವರಣೆಯ ವಾಕ್ಯಗಳಿಗೆ ಗೆರೆ ಎಳೆದು, ಒಂದೊಂದನ್ನೇ ತೆಗೆದು ಓದಿ. ಮುಂದಿನ ಎರಡು ಘಟನೆಗಳಿಂದ ಅದು ತಾನಾಗಿ ಹೊಳೆದರೆ ಆ ವಾಕ್ಯ ಬೇಡ. ಹೊಳೆಯದಿದ್ದರೆ ಅರ್ಧ ವಾಕ್ಯದಷ್ಟು ಮರಳಿಸಿ, ಅದೂ ಪಾತ್ರಕ್ಕೆ ಅದರ ಅಗತ್ಯ ಬಿದ್ದ ಗಳಿಗೆಯಲ್ಲಿ. ಇಲ್ಲಿ ಕೆಡುವುದು ಎರಡು ಕಡೆ. ಮೊದಲ ಪ್ಯಾರಾದಲ್ಲೇ ನಾಲ್ಕೈದು ಹೊಸ ಪದ ಟಂಕಿಸಿದರೆ ಓದುಗರು ಎಡವುತ್ತಾರೆ. ಇನ್ನೊಂದು, ಯಾರ ಕಣ್ಣಿನಿಂದ ಕತೆ ನೋಡುತ್ತಿದ್ದೇವೋ ಅವರ ತಲೆಯಲ್ಲಿ ಸದಾ ಸುಳಿಯುತ್ತಿರುವ ವಿಷಯವನ್ನೇ ತಿರುವಿಗಾಗಿ ಮುಚ್ಚಿಡುವುದು. ಅದು ಮೋಸ. ವಿವರಿಸದಿರುವುದಕ್ಕೂ ಮುಚ್ಚಿಡುವುದಕ್ಕೂ ಬಹಳ ಅಂತರವಿದೆ.

ಕವಿತೆಯಲ್ಲಿ ಈ ಮಾತು ಇನ್ನೂ ಗಟ್ಟಿ. ಕಲ್ಪಿತ ಲೋಕದ ಕಿರುಗವಿತೆಗಳಿಗೆ ಕೊಡುವ ಡ್ವಾರ್ಫ್ ಸ್ಟಾರ್ಸ್ ಪ್ರಶಸ್ತಿಯ ಕವಿತೆಗಳು 10 ಸಾಲು ಮೀರುವಂತಿಲ್ಲ. ಮೂರು ಸಾಲು ವಿವರಣೆಗೆ ಹೋದರೆ ಉಳಿಯುವುದೆಷ್ಟು? "ನೆರಳನ್ನು ಬಾಡಿಗೆಗೆ ಕೊಟ್ಟೆ" ಎಂಬುದನ್ನು ಎಲ್ಲರೂ ಮೊದಲು ರೂಪಕವೆಂದೇ ಓದುತ್ತಾರೆ. "ಮರಳಿ ಬಂದಾಗ ಅದು ಒಂದು ಗೇಣು ಉದ್ದವಾಗಿತ್ತು" ಎಂಬ ಮುಂದಿನ ಸಾಲು ಅದನ್ನು ನಿಜವಾಗಿಸುತ್ತದೆ. ಶೀರ್ಷಿಕೆಯಲ್ಲೇ ನಿಯಮ ಹೇಳಿಬಿಟ್ಟರೆ ರೂಪಕ ನಿಜವಾಗುವ ಆ ಕ್ಷಣವೇ ಓದುಗರ ಕೈತಪ್ಪುತ್ತದೆ.

ಎಷ್ಟು ಬಿಟ್ಟರೆ ಹೆಚ್ಚಾಯಿತು ಎಂದು ತಿಳಿಯಲು ಮೊದಲ ಪುಟವನ್ನಷ್ಟೇ ಯಾರಿಗಾದರೂ ಓದಲು ಕೊಟ್ಟು, ಇಲ್ಲಿ ಯಾರಿಗೆ ಏನು ಬೇಕಾಗಿದೆ ಎಂದು ಕೇಳಿ. ಅದಕ್ಕೆ ಉತ್ತರ ಬಂದರೆ ಲೋಕದ ನಿಯಮ ಕಾಯಬಹುದು.