ಹಳದಿ ಅಂಚಿನ ಸ್ಯಾನ್ಸೆವೇರಿಯಾ: ಎಲೆಯ ತುಂಡಿನಿಂದ ಅದೇ ಗಿಡ ಬರುವುದಿಲ್ಲ

ಸ್ನೇಕ್ ಪ್ಲಾಂಟ್ ಎಂದು ಕರೆಯುವ ಕುಂಡದ ಗಿಡ, ಹಳದಿ ಅಂಚಿನ ಸ್ಯಾನ್ಸೆವೇರಿಯಾದ ಎಲೆಯನ್ನು ತುಂಡರಿಸಿ ನೆಟ್ಟರೆ ಅಂಥದೇ ಗಿಡಗಳು ಎಷ್ಟು ಬೇಕಾದರೂ ದೊರೆಯುತ್ತವೆ, ಹಸಿರು ಮರಿ ಬಂದರೆ ಬೆಳಕು ಅಥವಾ ಗೊಬ್ಬರ ಸಾಲಲಿಲ್ಲವೆಂದು ತಿಳಿಯಬೇಕು ಎಂಬ ಮಾತು ಹರಿದಾಡುತ್ತಿದೆ. ತುಂಡುಗಳು ಬೇರು ಬಿಟ್ಟು ಮರಿ ಕೊಡುತ್ತವೆ ಎಂಬಷ್ಟು ಮಾತ್ರ ಇದರಲ್ಲಿ ನಿಜ.

'ಲಾರೆಂಟಿ' ಎಂಬ ಈ ತಳಿಯಲ್ಲಿ ತಳಿಗುಣ ಬೇರೆಬೇರೆಯಾದ ಎರಡು ಬಗೆಯ ಜೀವಕೋಶಗಳು ಪದರಗಳಾಗಿ ಒಟ್ಟಿಗೆ ಬೆಳೆಯುತ್ತವೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಕೈಮೆರಾ ಎನ್ನುತ್ತಾರೆ. ಕತ್ತರಿಸಿದ ಎಲೆಯ ಬುಡದಲ್ಲಿ ಹೊಸದಾಗಿ ಮೂಡುವ ಮೊಗ್ಗು ಸಾಮಾನ್ಯವಾಗಿ ಒಳಗಿನ ಹಸಿರು ಅಂಗಾಂಶದಿಂದ ಹುಟ್ಟುವುದರಿಂದ, ಆ ಪದರಗಳ ಜೋಡಣೆ ಅದಕ್ಕೆ ದಾಟುವುದಿಲ್ಲ, ಮರಿ ಹಸಿರಾಗಿಯೇ ಬೆಳೆಯುತ್ತದೆ. ಯಾವ ಗೊಬ್ಬರವೂ ಇದನ್ನು ಬದಲಿಸಲಾರದು. ತಿಂಗಳುಗಟ್ಟಲೆ ಕಾದವರು ತಮ್ಮ ಆರೈಕೆಯಲ್ಲೇ ತಪ್ಪು ಹುಡುಕುತ್ತಾ ಕೊರಗುವುದನ್ನು ಕಂಡು ಬೇಸರವಾಗಿ ಈ ಸ್ಪಷ್ಟನೆ ಬರೆಯುತ್ತಿದ್ದೇನೆ.

ಅಂಚಿನ ಬಣ್ಣ ಉಳಿಯಬೇಕಾದರೆ ಗಿಡವನ್ನು ಕುಂಡದಿಂದ ಹೊರತೆಗೆದು, ಮಣ್ಣಿನಡಿಯ ಗೆಡ್ಡೆಕಾಂಡವನ್ನು ಪ್ರತಿ ಭಾಗದಲ್ಲೂ ಎಲೆಗೊಂಚಲು ಮತ್ತು ಕೆಲವು ಬೇರುಗಳಿರುವಂತೆ ಶುಚಿಯಾದ ಚಾಕುವಿನಿಂದ ಬೇರ್ಪಡಿಸಿ, ಗಾಯ ಒಂದೆರಡು ದಿನ ಒಣಗಿದ ಮೇಲೆ ನೀರು ಬಸಿಯುವ ಮಣ್ಣಿನಲ್ಲಿ ನೆಡಬೇಕು. ಬೆಚ್ಚನೆಯ ಕಾಲವೇ ಇದಕ್ಕೆ ತಕ್ಕದ್ದು, ಏಕೆಂದರೆ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಈ ಗಿಡ ನರಳುತ್ತದೆ, ಅದರಲ್ಲೂ ಮಣ್ಣು ಒದ್ದೆಯಾಗಿದ್ದರೆ ಬುಡವೇ ಕೊಳೆಯುತ್ತದೆ.

ಪೂರ್ತಿ ಹಸಿರಿನ ತಳಿಗಳಿಗೆ ಎಲೆಯ ತುಂಡು ಒಳ್ಳೆಯ ದಾರಿಯೇ. ಆದರೆ ತುಂಡಿನ ಕೆಳತುದಿಯೇ ಮಣ್ಣಿನಲ್ಲಿರಬೇಕು. ತಲೆಕೆಳಗಾಗಿ ನೆಟ್ಟದ್ದು ಬೇರು ಬಿಡುವುದಿಲ್ಲವಾದ್ದರಿಂದ ಕತ್ತರಿಸುವಾಗಲೇ ಗುರುತು ಹಾಕಿಕೊಳ್ಳುವುದು ಒಳಿತು.