ಬಂತಾ?

ನಿನ್ನೆಯ ಫ್ರೀಸ್ಟೈಲ್ ಮೋಟೊಕ್ರಾಸ್, ಅಂದರೆ ಬೈಕ್ ಹಾರಿಸಿ ಗಾಳಿಯಲ್ಲಿ ಕಸರತ್ತು ಮಾಡುವ ಪ್ರದರ್ಶನದ ಧೂಳು ಕ್ಯಾಮೆರಾದ ಗುಂಡಿಗಳ ಸಂದಿಯಲ್ಲಿ ಇನ್ನೂ ಕುಳಿತಿದೆ. ಬ್ರಷ್ ಹಿಡಿದು ಕೆದಕುತ್ತಿದ್ದೇನೆ. ಧೂಳು ಹೋಗುತ್ತಿದೆ, ಆ ಮನುಷ್ಯನ ಮೇಲಿನ ಸಿಟ್ಟು ಹೋಗುತ್ತಿಲ್ಲ.

ಹಾರುವ ಬೈಕಿನ ಚಿತ್ರ ತೆಗೆಯುವ ಪಾಡು ನಿಮಗೆ ಗೊತ್ತೇ ಇದೆ. ಏರುವ ರ‍್ಯಾಂಪಿನಿಂದ ಇಳಿಯುವ ದಿಬ್ಬಕ್ಕೆ ಸುಮಾರು 75 ಅಡಿ. ಸವಾರ ಗಾಳಿಯಲ್ಲಿರುವುದು ಹೆಚ್ಚೆಂದರೆ 2 ಸೆಕೆಂಡು. ಅಷ್ಟರೊಳಗೆ ಅವನು ಸೀಟು ಬಿಟ್ಟು, ಕಾಲುಗಳನ್ನು ಹಿಂದಕ್ಕೆ ಚಾಚಿ, ಸೂಪರ್‌ಮ್ಯಾನ್ ಆಗಿ, ಮತ್ತೆ ಸೀಟಿಗೆ ಬಂದು ನೆಲ ಮುಟ್ಟುತ್ತಾನೆ. ನಾನು ಒಂದು ಗುಂಡಿ ಒತ್ತಬೇಕು. ಹೆಚ್ಚು ಬೆವರುವವರು ಯಾರೆಂದು ಮಾತ್ರ ಕೇಳಬೇಡಿ. ಶಟರ್ ನಿಧಾನವಾದರೆ ಹೆಲ್ಮೆಟ್ ಮಸುಕು. ತೀರಾ ಚುರುಕಾದರೆ ಚಕ್ರದ ಕಡ್ಡಿಗಳೂ ನಿಂತುಬಿಟ್ಟು, ಆಟಿಕೆಯ ಬೈಕನ್ನು ದಾರ ಕಟ್ಟಿ ತೂಗುಹಾಕಿದಂತೆ ಕಾಣುತ್ತದೆ. ಬರೀ ಆಕಾಶವಿದ್ದರೆ ಎತ್ತರ ತಿಳಿಯದು. ರ‍್ಯಾಂಪನ್ನೂ ಸೇರಿಸೋಣವೆಂದರೆ ಅದರ ತುಂಬ ಜಾಹೀರಾತು.

ಇದೆಲ್ಲ ಸಹಿಸಬಹುದು. ಬೇಲಿಯ ಪಕ್ಕ ನಿಂತಿದ್ದ ಒಬ್ಬರದು ಬೇರೆ ಕಥೆ. ದೊಡ್ಡ ಲೆನ್ಸ್ ಇರುವಲ್ಲಿ ಜಾಗ ಒಳ್ಳೆಯದಿರುತ್ತದೆ ಎಂಬ ಲೆಕ್ಕಾಚಾರದಿಂದ ನನ್ನ ಮಗ್ಗುಲಿಗೆ ಬಂದವರು. ಮೊದಲ ಜಿಗಿತ ಮುಗಿಯಿತು. "ಬಂತಾ?" ಎಂದರು.

"ಬಂತು" ಎಂದೆ. ತೋರಿಸಬೇಕಾಯಿತು. ಪರದೆಯ ಮೇಲೆ ಅವರ ಟೋಪಿಯ ಅಂಚು ಬಾಗಿತು; ಚಿತ್ರ ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಎರಡನೆಯ ಬೈಕ್ ದಾಟಿಹೋಯಿತು. "ಅಯ್ಯೋ, ಅದು ಬರಲಿಲ್ಲವಾ?"

ಮುಂದಿನ ಸಲ "ಬರಲಿಲ್ಲ" ಎಂದು ನೋಡಿದೆ. ಅದಕ್ಕೆ ಸಂತಾಪ ಮತ್ತು ಸಲಹೆ ಎರಡೂ ಸಿಕ್ಕವು: "ಸ್ವಲ್ಪ ಮೊದಲೇ ಒತ್ತಬೇಕಿತ್ತು." ಬಳಿಕ ತಲೆಯನ್ನು ಹೌದೂ ಅಲ್ಲದ, ಇಲ್ಲವೂ ಅಲ್ಲದ ರೀತಿಯಲ್ಲಿ ಅಲ್ಲಾಡಿಸಿದೆ. ಅದನ್ನು ಬಿಡಿಸಿ ಹೇಳುವಂತೆ ಕೇಳಿದರು.

ಕಷ್ಟವೇನೆಂದರೆ, ರ‍್ಯಾಂಪಿನ ಕೆಳಗೆ ಕೂತವನಿಗೆ ಬೈಕ್ ಕಾಣುವುದು ಅದು ತುದಿ ದಾಟಿದ ಮೇಲೆಯೇ. ಅಲ್ಲಿಯವರೆಗೆ ಕಿವಿಯೇ ಕಣ್ಣು. ಎಂಜಿನ್ನಿನ ಸದ್ದು ಏರುವುದನ್ನು ಆಲಿಸಿ ಬೆರಳು ಸಿದ್ಧವಾಗಬೇಕು. ಇವರು ಪ್ರಶ್ನೆಯನ್ನು ಕ್ರಮೇಣ ಮುಂಚಿತವಾಗಿ ಕೇಳತೊಡಗಿ, ಸರಿಯಾಗಿ ಆ ಕಿವಿಗೇ ತಂದು ನಿಲ್ಲಿಸಿದರು. ಕೊನೆಗೆ ಬ್ಯಾಕ್‌ಫ್ಲಿಪ್. ಚಕ್ರಗಳು ಮೇಲೆ, ಸವಾರನ ತಲೆ ಕೆಳಗೆ, ಇಡೀ ಮೈದಾನ ಉಸಿರು ಹಿಡಿದಿದೆ. ನನ್ನ ಭುಜದ ಮೇಲೆ ಒಂದು ಕೈ ಬಿತ್ತು. "ಬಂತಾ?"

ಬಂದದ್ದು ಅರ್ಧ ಮುಂಚಕ್ರ, ಪೂರ್ತಿ ಜಾಹೀರಾತು. ಅವರು ನೋಡಿ, "ಚಕ್ರ ಬಹಳ ಸ್ಪಷ್ಟವಾಗಿದೆ" ಎಂದರು. 2006ರ ಎಕ್ಸ್ ಗೇಮ್ಸ್‌ ಎಂಬ ಸಾಹಸ ಕ್ರೀಡಾಕೂಟದಲ್ಲಿ ಸವಾರ ಟ್ರಾವಿಸ್ ಪಸ್ಟ್ರಾನಾ ಒಂದೇ ಜಿಗಿತದಲ್ಲಿ ಎರಡು ಪಲ್ಟಿ ಹೊಡೆದಾಗ, ಅಲ್ಲಿನ ಛಾಯಾಗ್ರಾಹಕರ ಪಕ್ಕದಲ್ಲಿ ಇಂಥವರು ಯಾರೂ ಇರಲಿಲ್ಲವೆಂದು ನಂಬಿ ಸಮಾಧಾನಪಟ್ಟುಕೊಳ್ಳುತ್ತೇನೆ.

ಹಾಗೆಂದು ಒಂದೂ ಸಿಗಲಿಲ್ಲವೆಂದಲ್ಲ. ಒಂದರಲ್ಲಿ ಸವಾರನ ಎರಡೂ ಕೈಗಳು ಹ್ಯಾಂಡಲ್ ಬಿಟ್ಟಿವೆ. ಬೆರಳಿಗೂ ಹಿಡಿಕೆಗೂ ನಡುವೆ ಗೇಣಗಲದ ಬೆಳಕು. ನನ್ನದು ಕನ್ನಡಿಯ ಕ್ಯಾಮೆರಾ. ಶಟರ್ ತೆರೆಯುವ ಗಳಿಗೆಗೆ ಒಳಗಿನ ಕನ್ನಡಿ ಮೇಲೇಳುತ್ತದೆ, ಕಣ್ಣಿಗೆ ಕತ್ತಲು. ಆ ಬೆಳಕಿನ ಗೇಣನ್ನು ನಾನು ನೋಡಿದ್ದು ರಾತ್ರಿ, ಕಂಪ್ಯೂಟರಿನಲ್ಲಿ. ಅವರು ಅದನ್ನು ಬರಿಗಣ್ಣಿನಲ್ಲಿ ನೋಡಿದ್ದರು, ಬಾಯಿ ತೆರೆದುಕೊಂಡು. ಅದೊಂದು ಜಿಗಿತಕ್ಕೆ ಮಾತ್ರ ಏನೂ ಕೇಳಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹೊರಡುವಾಗ ನನ್ನ ನಂಬರ್ ಪಡೆದು, ಎಲ್ಲ ಚಿತ್ರಗಳನ್ನೂ ಕಳುಹಿಸುವಂತೆ ಹೇಳಿದ್ದಾರೆ. ಸದ್ಯಕ್ಕೆ ಚಕ್ರದ್ದನ್ನು ಕಳುಹಿಸಿದ್ದೇನೆ.