ಬಕೆಟ್ ಒದ್ದವರಿಗೆ ಪೂರ್ತಿ ಅಂಕ

ಇಂಗ್ಲಿಷ್ ಇಡಿಯಮ್‌ಗಳ, ಅಂದರೆ ನುಡಿಗಟ್ಟುಗಳ, ಯಾವ ಪಟ್ಟಿಯನ್ನೇ ತೆರೆಯಿರಿ, ಮೊದಲು ಮಳೆ ಸುರಿಯುತ್ತದೆ. ಬೆಕ್ಕು, ನಾಯಿ ಸಮೇತ, ಅಂದರೆ ಧೋ ಅಂತ. ಅದರ ಕೆಳಗೆ ಒಬ್ಬ ಬಕೆಟ್ ಒದ್ದು ಸತ್ತಿರುತ್ತಾನೆ. ಇನ್ನೂ ಕೆಳಗೆ ಒಂದು ನೀಲಿ ಚಂದ್ರ, ಅಂದರೆ ಅಪರೂಪಕ್ಕೊಮ್ಮೆ. ಪಟ್ಟಿ ಮಾಡಿದವರು ಬೇರೆ ಬೇರೆ, ಮಾಲು ಮಾತ್ರ ಅದೇ. ಯಾರು ಯಾರದ್ದನ್ನು ಕಾಪಿ ಹೊಡೆದರು ಅಂತ ಪತ್ತೆ ಹಚ್ಚೋದು ದೇವರಿಗೂ ಕಷ್ಟ.

ಈ ಬೆಕ್ಕು ನಾಯಿಗಳ ಮಳೆ ಎಷ್ಟು ಹಳೇದು ಗೊತ್ತಾ? 1738ರಲ್ಲೇ 'ಗಲಿವರ್ಸ್ ಟ್ರಾವೆಲ್ಸ್' ಬರೆದ ಜೊನಾಥನ್ ಸ್ವಿಫ್ಟ್ ಇದನ್ನು ಬಳಸಿದ್ದರು. ಅದೂ ಎಂಥ ಪುಸ್ತಕದಲ್ಲಿ? ದೊಡ್ಡ ಮನುಷ್ಯರು ಕೂತಲ್ಲಿ ನಿಂತಲ್ಲಿ ಉದುರಿಸುವ ಸವಕಲು ಮಾತುಗಳನ್ನು ಗೇಲಿ ಮಾಡಲೆಂದೇ ಬರೆದ ಪುಸ್ತಕದಲ್ಲಿ. ಮುನ್ನೂರು ವರ್ಷದ ಹತ್ತಿರ ಹತ್ತಿರ ಆಯ್ತು. ಅವತ್ತು ನಗೆಪಾಟಲಾದ ಮಾತನ್ನೇ ಇವತ್ತು 'ಇಂಗ್ಲಿಷರ ಹಾಗೆ ಮಾತಾಡಿ' ಅಂತ ಬಾಯಿಪಾಠ ಮಾಡಿಸುತ್ತಾರೆ. ಸ್ವಿಫ್ಟ್ ಇದ್ದಿದ್ದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಬಾಯಿಪಾಠ ಸಾಲದು ಅಂತ ಮೂಲಕಥೆ ಬೇರೆ. ಹಿಂದಿನ ಕಾಲದಲ್ಲಿ ಹುಲ್ಲಿನ ಸೂರಿನ ಮೇಲೆ ಬೆಕ್ಕು ನಾಯಿ ಮಲಗುತ್ತಿದ್ದವಂತೆ. ಮಳೆ ಬಂದರೆ ಜಾರಿ ಬೀಳುತ್ತಿದ್ದವಂತೆ. ನಾಯಿ ಸೂರು ಹತ್ತಿದ್ದು ಹೇಗೆ ಅಂತ ಮಾತ್ರ ಕೇಳಬಾರದು. 1999ರಲ್ಲಿ ಊರೆಲ್ಲ ಸುತ್ತಿದ ಒಂದು ಫಾರ್ವರ್ಡ್ ಇಮೇಲ್ ಈ ಕಥೆಗೆ ರೆಕ್ಕೆ ಕಟ್ಟಿತು. ಜೀವ ಇದ್ದಾಗಲೇ ಹೂತುಹೋದವರು ಗೋರಿಯೊಳಗಿಂದ ಗಂಟೆ ಹೊಡೆದು ಬಚಾವಾಗುತ್ತಿದ್ದರು, ಅದೇ 'ಸೇವ್ಡ್ ಬೈ ದ ಬೆಲ್' ಅನ್ನೋದೂ ಅದರಲ್ಲೇ ಇತ್ತು. ಅಸಲಿಗೆ ಅದು ಬಾಕ್ಸಿಂಗಿನ ಮಾತು. ಏಟು ತಿಂದು ಸುಸ್ತಾದವನನ್ನು ಸುತ್ತು ಮುಗಿದ ಗಂಟೆ ಉಳಿಸಿತು, ಅಷ್ಟೇ. ಆದರೆ ಗೋರಿ ಇದ್ದರೆ ತಾನೇ ಲೈಕ್ ಬರೋದು?

ಅರ್ಥದ ಕಾಲಂ ಇನ್ನೂ ಅಪಾಯಕಾರಿ. 'ಕಿಕ್ ದ ಬಕೆಟ್' ಎದುರಿಗೆ 'ಸಾಯು' ಅಂತ ಒಂದೇ ಪದ. ಶ್ರದ್ಧೆಯಿಂದ ಉರು ಹೊಡೆದವನೊಬ್ಬ ಮೇಲಧಿಕಾರಿಗೆ ಸಂತಾಪದ ಪತ್ರ ಬರೆಯುತ್ತಾನೆ ಅಂದುಕೊಳ್ಳಿ. 'ತಮ್ಮ ಪೂಜ್ಯ ತಂದೆಯವರು ಬಕೆಟ್ ಒದ್ದ ಸುದ್ದಿ ತಿಳಿದು ತುಂಬಾ ದುಃಖವಾಯಿತು.' ವ್ಯಾಕರಣ ಸರಿ. ಸ್ಪೆಲ್ಲಿಂಗ್ ಸರಿ. ಪಟ್ಟಿಯ ಪ್ರಕಾರ ಪೂರ್ತಿ ಅಂಕ. ಅದು 'ಗೊಟಕ್ ಅಂದ' ಅನ್ನುವ ಜಾತಿಯ ಮಾತು ಅಂತ ಪಾಪ ಅವನಿಗೆ ಯಾರೂ ಹೇಳಿರಲಿಲ್ಲ. ನಾವು 'ಕೈ ಕೊಟ್ಟ', 'ಕೈ ಎತ್ತಿದ' ಅನ್ನೋದನ್ನು ಪಟ್ಟಿ ನೋಡಿ ಕಲಿತೆವಾ? ಕೈ ಕೊಟ್ಟವರಿಂದಲೇ ಕಲಿತೆವು.

ಎಲ್ಲರೂ ಹೀಗೆ ಬಕೆಟ್ ಒದೆಯುತ್ತಿದ್ದರೆ, ದಿನಾ ಬೇಕಾಗುವ ಪುಟಾಣಿ ಫ್ರೇಸಲ್ ವರ್ಬ್‌ಗಳು, ಅಂದರೆ ಕ್ರಿಯಾಪದಕ್ಕೆ 'ಆಫ್', 'ಇನ್' ಥರದ ಬಾಲ ಅಂಟಿದ ಮಾತುಗಳು, ಮೂಲೆಯಲ್ಲಿ ಕೂತಿರುತ್ತವೆ. ನೋಡೋಕೆ ಸಾಧು. 'ಗೋ ಆಫ್' ಅನ್ನೋದನ್ನೇ ತಗೊಳ್ಳಿ. ಲೈಟ್ 'ಗೋ ಆಫ್' ಆದರೆ ಆರಿತು. ಅಲಾರಂ 'ಗೋ ಆಫ್' ಆದರೆ ಬಡಿದುಕೊಳ್ಳಲು ಶುರುವಾಯಿತು. ಬಾಂಬ್ ಆದರೆ ಸಿಡಿಯಿತು. ಬ್ರಿಟನ್ನಿನಲ್ಲಿ ಹಾಲು ಆದರೆ ಕೆಟ್ಟುಹೋಯಿತು. ಅಲಾರಂ 'ಆಫ್' ಆಗಿದ್ದಕ್ಕೇ ಎದ್ದು ಅದನ್ನು 'ಆಫ್' ಮಾಡಬೇಕು! ಫಾರಂ 'ಫಿಲ್ ಇನ್' ಮಾಡಿದರೂ 'ಫಿಲ್ ಔಟ್' ಮಾಡಿದರೂ ತುಂಬೋದು ಅದೇ ಫಾರಂ. 'ಲುಕ್ ಓವರ್' ಅಂದರೆ ಕಣ್ಣಾಡಿಸು. ಹಿಂದುಮುಂದು ಮಾಡಿ 'ಓವರ್‌ಲುಕ್' ಅಂದಿರೋ, ಕಣ್ತಪ್ಪಿ ಹೋಯಿತು ಅಂತ ಅರ್ಥ. ಎಷ್ಟೋ ಆಫೀಸಿನಲ್ಲಿ ಮೊದಲನೆಯದನ್ನು ಮಾಡಿದೆವು ಅಂತ ಸಹಿ ಹಾಕಿ ಎರಡನೆಯದನ್ನು ಮಾಡಿರುತ್ತಾರೆ, ಅದು ಬೇರೆ ವಿಷಯ.

ಹುಟ್ಟಿನಿಂದ ಇಂಗ್ಲಿಷ್ ಆಡಿದವರಿಗಾದರೂ ಇದು ಸಲೀಸಾ? ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಂಗವನ್ನು ಚರ್ಚಿಲ್ ಬರೆದುಕೊಂಡಿದ್ದಾರೆ. ಬ್ರಿಟಿಷ್ ಅಧಿಕಾರಿಗಳು ಜೊತೆಗಿದ್ದ ಅಮೆರಿಕನ್ ಅಧಿಕಾರಿಗಳಿಗೆ ಒಂದು ತುರ್ತು ಕಾಗದವನ್ನು 'ಟೇಬಲ್' ಮಾಡೋಣ ಅಂದರು. ಈಗಲೇ ಚರ್ಚೆಗೆ ತಗೊಳ್ಳೋಣ ಅಂತ ಅವರ ಲೆಕ್ಕ. ಅಮೆರಿಕನ್ನರಿಗೆ 'ಟೇಬಲ್' ಮಾಡೋದು ಅಂದರೆ ಬದಿಗಿಡೋದು. ತುರ್ತಿನ ವಿಷಯ ಬದಿಗಿಡೋದಾ ಅಂತ ಅವರು ಸಿಟ್ಟಾದರು. ವಾದ ಬಹಳ ಹೊತ್ತು ನಡೆಯಿತು, ಬಿಸಿಯೂ ಏರಿತು. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದು ಒಂದೇ!

ಆ ಅಧಿಕಾರಿಗಳನ್ನು ಇವತ್ತಿನ ಇಡಿಯಮ್ ಪರೀಕ್ಷೆಗೆ ಕೂರಿಸಬೇಕಿತ್ತು. ಕೀ ಉತ್ತರದಲ್ಲಿ ಒಂದು ಮಾತಿಗೆ ಒಂದೇ ಅರ್ಥ. ಯುದ್ಧ ಗೆದ್ದವರಲ್ಲಿ ಅರ್ಧ ಜನ ಫೇಲ್.